ತೋಳ ನೆಕ್ಕಿದ ಹೂವು

ಹೂವೆಂದರೆ ಜೇನು, ದುಂಬಿ, ಚಿಟ್ಟೆ ಎಂದು ಶಾಲೆಯಲ್ಲಿ ಓದಿದ್ದೇವೆ. ಆದರೆ ಇಲಿ, ಬಾವಲಿ, ಲೀಮರ್‌ಗಳನ್ನೇ ನೆಚ್ಚಿಕೊಂಡ ಹೂಗಳೂ ಈ ಲೋಕದಲ್ಲಿವೆ. ಈಚೆಗೆ ಆ ಪಟ್ಟಿಯ ಬಾಗಿಲಿಗೆ ತೋಳವೊಂದು ಬಂದು ನಿಂತಿದೆ.

ಎಥಿಯೋಪಿಯಾದ ದಕ್ಷಿಣ ಭಾಗದಲ್ಲಿ ಬಾಲೆ ಎಂಬ ಪರ್ವತಸಾಲು ಇದೆ. ಮೂರು ಸಾವಿರ ಮೀಟರಿಗೂ ಎತ್ತರದ ಬಯಲು. ಮರ ಕಡಿಮೆ, ಹುಲ್ಲು ಹೆಚ್ಚು, ಚಳಿ ವಿಪರೀತ. ಮಳೆ ಬಿದ್ದ ಮೇಲೆ ಆ ಹುಲ್ಲಿನ ನಡುವೆ ಸೊಂಟದೆತ್ತರದ ದಂಟುಗಳು ಏಳುತ್ತವೆ. ತುದಿಯಲ್ಲಿ ಒತ್ತೊತ್ತಾಗಿ ಜೋಡಿಸಿದ ಸಣ್ಣ ಹೂಗಳ ಗೊಂಚಲು. ಮೇಲಿನ ಮೊಗ್ಗುಗಳು ಕೆಂಪು, ಕೆಳಗೆ ಅರಳಿದವು ಹಳದಿ. ಕುಲುಮೆಯಿಂದ ತೆಗೆದ ಕಬ್ಬಿಣದ ಸರಳಿನಂತೆ ಕಾಣುವುದರಿಂದ ಅದಕ್ಕೆ ‘ರೆಡ್ ಹಾಟ್ ಪೋಕರ್’ ಎಂಬ ಹೆಸರು ಬಂದಿದೆ. ಮಕರಂದ ಧಾರಾಳ. ಕುರಿ–ದನ ಕಾಯುವವರ ಮಕ್ಕಳು ಆ ಹೂಗಳನ್ನು ನೆಕ್ಕಿ ಸಿಹಿ ಸವಿಯುತ್ತಾರೆ.

ಅದೇ ಬಯಲಿನಲ್ಲಿ ಎಥಿಯೋಪಿಯಾದ ತೋಳವೂ ಇದೆ. ಕೆಂಗಂದು ಮೈ, ಬಿಳಿ ಕತ್ತು, ಉದ್ದನೆಯ ಕಾಲು, ಸಪೂರ ಮೂತಿ. ಬಿಲ ತೋಡಿಕೊಂಡು ಬದುಕುವ ದಪ್ಪ ತಲೆಯ ಹೆಗ್ಗಣಗಳೇ ಅದರ ಮುಖ್ಯ ಆಹಾರ. ಆಫ್ರಿಕದ ಮಾಂಸಾಹಾರಿ ಪ್ರಾಣಿಗಳಲ್ಲೇ ಅತಿ ವಿರಳವಾದದ್ದು ಇದು. ಇಡೀ ಜಗತ್ತಿನಲ್ಲಿ ಉಳಿದಿರುವುದು 500ಕ್ಕೂ ಕಡಿಮೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2024ರ ನವೆಂಬರ್‌ನಲ್ಲಿ ಈ ತೋಳದ ಬಗ್ಗೆ ಒಂದು ಬರಹ ಪ್ರಕಟಿಸಿದರು. ಬೇಟೆಯ ನಡುವೆ ಅದು ಹೂವಿನ ಹೊಲಕ್ಕೆ ನುಗ್ಗುತ್ತದೆ. ದಂಟಿನ ಮುಂದೆ ನಿಂತು, ಮೇಲಿನ ಎಳೆಯ ಮೊಗ್ಗುಗಳನ್ನು ಬಿಟ್ಟು, ಕೆಳಗೆ ಬಲಿತು ಅರಳಿದ ಹೂಗಳನ್ನಷ್ಟೇ ನೆಕ್ಕುತ್ತದೆ. ಮುಂದಿನ ದಂಟಿಗೆ ಹೋಗುವ ಹೊತ್ತಿಗೆ ಅದರ ಮೂತಿಯ ತುಂಬ ಹಳದಿ ಪರಾಗ. ಒಂದು ತೋಳವಂತೂ ಒಂದೇ ಸುತ್ತಿನಲ್ಲಿ 30 ಗೊಂಚಲುಗಳನ್ನು ಮುಟ್ಟಿತ್ತು.

ದೊಡ್ಡ ಮಾಂಸಾಹಾರಿಯೊಂದು ಹೀಗೆ ಮಕರಂದ ಕುಡಿಯುವುದು ದಾಖಲಾದದ್ದು ಅದೇ ಮೊದಲು. ಅದು ಹೊತ್ತ ಪರಾಗದಿಂದ ಎಷ್ಟು ಹೂಗಳು ಕಾಯಿ ಕಟ್ಟುತ್ತವೆ ಎಂಬುದು ಇನ್ನು ಸಾಬೀತಾಗಬೇಕಷ್ಟೆ. ಆದರೆ ಇಷ್ಟಂತೂ ನಿಜ: ಕಾಡುಪ್ರಾಣಿಯನ್ನು ಒಂದು ಪಟ್ಟಿಯಲ್ಲೂ ಕಾಡುಹೂವನ್ನು ಇನ್ನೊಂದು ಪಟ್ಟಿಯಲ್ಲೂ ಬರೆದಿಡುವ ನಮ್ಮ ಅಭ್ಯಾಸಕ್ಕೆ ಆ ತೋಳ ಒಂದು ಪೆಟ್ಟು ಕೊಟ್ಟಿದೆ. ಭೂಮಿಯ ಬೇರೆ ಬೇರೆ ಮೂಲೆಗಳಲ್ಲಿ ಈ ಎರಡೂ ಪಟ್ಟಿಗಳು ಒಂದಕ್ಕೊಂದು ಎಷ್ಟು ಬಿಗಿಯಾಗಿ ಹೆಣೆದುಕೊಂಡಿವೆ ಎಂಬುದನ್ನು ನೋಡಿದರೆ ಆ ಅಭ್ಯಾಸವನ್ನು ಬಿಡುವುದೇ ವಾಸಿ ಅನಿಸುತ್ತದೆ.

ಮಡಗಾಸ್ಕರ್: ಬಾಗಿಲು ತೆರೆಯುವ ಕೈ, ತಳ ಮುಟ್ಟುವ ನಾಲಿಗೆ

ನಮ್ಮ ಊರುಗಳ ಉದ್ಯಾನ, ರೆಸಾರ್ಟು, ಕಲ್ಯಾಣಮಂಟಪಗಳ ಮುಂದೆ ಬೀಸಣಿಗೆಯ ಆಕಾರದಲ್ಲಿ ಎಲೆ ಹರಡಿಕೊಂಡು ನಿಂತ ‘ಟ್ರಾವೆಲರ್ಸ್ ಪಾಮ್’ ಅನ್ನು ಎಲ್ಲರೂ ಕಂಡಿರುತ್ತೀರಿ. ಹೆಸರಿಗೆ ತಾಳೆ, ನಿಜದಲ್ಲಿ ಬಾಳೆಯ ದೂರದ ನೆಂಟ. ಅದರ ತವರು ಮಡಗಾಸ್ಕರ್. ಅಲ್ಲಿನ ಕಾಡಿನಲ್ಲಿ ಅದರ ಹೂಗಳು ದಪ್ಪನೆಯ, ಗಟ್ಟಿ ಹಾಳೆಗಳೊಳಗೆ ಮುಚ್ಚಿಕೊಂಡಿರುತ್ತವೆ. ಜೇನಿಗೋ ಚಿಟ್ಟೆಗೋ ಸುಲಭಕ್ಕೆ ದಕ್ಕುವಂಥದ್ದಲ್ಲ. ಅದನ್ನು ಬಿಡಿಸಿ ತೆರೆಯಲು ಕೈಯೇ ಬೇಕು, ಕೈಗೆ ಬಲವೂ ಬೇಕು.

ಆ ಕೈ ಇರುವುದು ಕಪ್ಪು–ಬಿಳುಪು ರಫ್ಡ್ ಲೀಮರ್‌ಗೆ. ಲೀಮರ್‌ಗಳು ನಮ್ಮ ಕಾಡುಪಾಪನ ಕಡೆಯ ಬಳಗ. ಕುತ್ತಿಗೆಯ ಸುತ್ತ ಪೊದೆಯಂಥ ಬಿಳಿ ಕೂದಲಿನ ಈ ಪ್ರಾಣಿ ಮೂರು–ನಾಲ್ಕು ಕಿಲೋ ತೂಗುತ್ತದೆ. ಅದು ಹಾಳೆಯನ್ನು ಕೈಯಿಂದ ಅಗಲಿಸಿ, ಉದ್ದ ಮೂತಿಯನ್ನು ಒಳಗೆ ತೂರಿಸಿ, ನಾಲಿಗೆ ಚಾಚಿ ಮಕರಂದ ಹೀರುತ್ತದೆ. ಮುಖದ ಕೂದಲಿಗೆ ಅಂಟಿದ ಪರಾಗ ಮುಂದಿನ ಹೂವಿಗೆ ಸಾಗುತ್ತದೆ. ಜಗತ್ತಿನ ಅತಿ ದೊಡ್ಡ ಪರಾಗವಾಹಕ ಎಂಬ ಹೆಗ್ಗಳಿಕೆ ಬಹುಕಾಲದಿಂದ ಈ ಲೀಮರ್‌ನದು. ಈಗ ಅದು ಅಳಿವಿನ ಅಂಚಿನಲ್ಲಿದೆ. ಕಾಡು ಕಡಿದು ಸುಟ್ಟು ಬತ್ತ ಬೆಳೆಯುವುದು, ಮಾಂಸಕ್ಕಾಗಿ ಬೇಟೆ, ಎರಡೂ ಅದನ್ನು ಹಿಂಡಿವೆ. ಅದರ ಮರ ಮಾತ್ರ ಪ್ರಪಂಚದ ಎಲ್ಲ ಉಷ್ಣವಲಯದ ಊರುಗಳಲ್ಲೂ ಅಲಂಕಾರಕ್ಕೆ ನಿಂತಿದೆ.

ಇದೇ ದ್ವೀಪದ ಇನ್ನೊಂದು ಹೂವು ಚಾರ್ಲ್ಸ್ ಡಾರ್ವಿನ್‌ನ ನಿದ್ದೆ ಕೆಡಿಸಿತ್ತು. 1862ರ ಜನವರಿಯಲ್ಲಿ ಅವನಿಗೆ ಆರ್ಕಿಡ್ ಸಂಗ್ರಾಹಕರೊಬ್ಬರಿಂದ ಒಂದು ಪೆಟ್ಟಿಗೆ ಬಂತು. ಒಳಗೆ ನಕ್ಷತ್ರದ ಆಕಾರದ ಬಿಳಿಯ ಸೀತಾಳೆ ಹೂವು, ಆಂಗ್ರೀಕಮ್ ಸೆಸ್ಕ್ವಿಪೆಡೇಲ್. ಹೂವಿನ ಹಿಂಬದಿಯಿಂದ ಹಸಿರು ಕೊಳವೆಯೊಂದು ಸುಮಾರು 29 ಸೆಂಟಿಮೀಟರ್ ಉದ್ದಕ್ಕೆ ಇಳಿಬಿದ್ದಿತ್ತು. ಮಕರಂದ ಇದ್ದದ್ದು ಅದರ ತಳದಲ್ಲಿ ಮಾತ್ರ. ಇಷ್ಟು ಆಳದಿಂದ ಅದನ್ನು ಹೀರುವ ಪತಂಗವೊಂದು ಮಡಗಾಸ್ಕರ್‌ನಲ್ಲಿ ಇರಲೇಬೇಕು, ಅದರ ನಾಲಿಗೆ ಹತ್ತು–ಹನ್ನೊಂದು ಇಂಚು ಇರಬೇಕು ಎಂದು ಡಾರ್ವಿನ್ ಅದೇ ವರ್ಷದ ತನ್ನ ಪುಸ್ತಕದಲ್ಲಿ ಬರೆದ. ಕೀಟತಜ್ಞರು ಕೆಲವರು ನಕ್ಕರು. ನಿಸರ್ಗವಿಜ್ಞಾನಿ ಆಲ್‌ಫ್ರೆಡ್ ವ್ಯಾಲೇಸ್ ಮಾತ್ರ 1867ರಲ್ಲಿ ಡಾರ್ವಿನ್‌ನ ಬೆಂಬಲಕ್ಕೆ ನಿಂತ. ಲೆಕ್ಕ ಹಾಕಿ ನೆಪ್ಚೂನ್ ಗ್ರಹವನ್ನು ಹುಡುಕಿದಷ್ಟೇ ಧೈರ್ಯದಿಂದ ಆ ಪತಂಗವನ್ನೂ ಹುಡುಕಬಹುದು ಎಂದ.

1903ರಲ್ಲಿ ಅಂಥ ಪತಂಗವನ್ನು ಕೀಟತಜ್ಞರಾದ ರಾತ್‌ಚೈಲ್ಡ್ ಮತ್ತು ಜೋರ್ಡಾನ್ ವರ್ಣಿಸಿದರು. ಆ ಹೊತ್ತಿಗೆ ಡಾರ್ವಿನ್ ಸತ್ತು 21 ವರ್ಷವಾಗಿತ್ತು. ಅದು ನಿಜಕ್ಕೂ ಆ ಹೂವಿಗೆ ಬಂದು ಹೀರುವುದನ್ನು ಕಣ್ಣಾರೆ ಕಂಡು ಚಿತ್ರ ತೆಗೆದದ್ದು 1990ರ ದಶಕದಲ್ಲಿ. ಅಂದರೆ ಹೂವಿನ ಅಳತೆ ನೋಡಿ ಪ್ರಾಣಿಯ ಅಳತೆ ಹೇಳಿದ ಮಾತು ಪೂರ್ತಿ ನಿಜವೆಂದು ತೀರ್ಮಾನವಾಗಲು 130 ವರ್ಷ ಬೇಕಾಯಿತು.

ನೆಲಮಟ್ಟದ ಗಿರಾಕಿಗಳು

ದಕ್ಷಿಣ ಆಫ್ರಿಕದ ಕೇಪ್ ಸೀಮೆಯಲ್ಲಿ ಫಿನ್‌ಬಾಸ್ ಎಂಬ ಕುರುಚಲು ಪ್ರದೇಶವಿದೆ. ಅಲ್ಲಿನ ಸಸ್ಯಪ್ರಭೇದಗಳು ಸುಮಾರು 9,000; ಅದರಲ್ಲಿ ಹೆಚ್ಚಿನವು ಭೂಮಿಯಲ್ಲಿ ಬೇರೆಲ್ಲೂ ಇಲ್ಲ. ಆ ನಾಡಿನ ರಾಷ್ಟ್ರೀಯ ಪುಷ್ಪ ಕಿಂಗ್ ಪ್ರೋಟಿಯಾ, ಊಟದ ತಟ್ಟೆಯಷ್ಟು ಅಗಲ. ಹಕ್ಕಿಗಳನ್ನು ಕರೆಯಲು ಎತ್ತರದಲ್ಲಿ ಮೆರೆಯುತ್ತದೆ. ಆದರೆ ಅದೇ ಕುಲದ ಕೆಲವು ಪ್ರೋಟಿಯಾಗಳು ತಮ್ಮ ಹೂಗಳನ್ನು ಗಿಡದ ಬುಡದಲ್ಲಿ, ಎಲೆಗಳ ಮರೆಯಲ್ಲಿ, ನೆಲಕ್ಕೆ ತಾಗುವಂತೆ ಬಿಡುತ್ತವೆ. ಬಣ್ಣ ಮಂಕು, ವಾಸನೆ ಹುಳಿಹಿಟ್ಟಿನದು. ಯಾರ ಕಣ್ಣಿಗೂ ಬೀಳದ ಈ ಹೂಗಳ ಗಿರಾಕಿ ಯಾರೆಂದು 1970ರ ದಶಕದಲ್ಲಿ ಸಂಶೋಧಕರು ಕಾದು ನೋಡಿದರು. ಕತ್ತಲಾದ ಮೇಲೆ ಬಂದದ್ದು ಇಲಿಗಳು. ಇಲಿ ಹೂವನ್ನು ಕಡಿದು ಹಾಳುಮಾಡುವುದಿಲ್ಲ. ಮೂತಿ ಇಳಿಸಿ ಸಿಹಿಯನ್ನು ನೆಕ್ಕಿ ಹೋಗುತ್ತದೆ. ಹೋಗುವಾಗ ಹಣೆಯ ಮೇಲೆ ಪರಾಗ. ಈ ಹೂಗಳು ಹೆಚ್ಚಾಗಿ ಚಳಿಗಾಲದಲ್ಲೇ ಅರಳುತ್ತವೆ. ಇಲಿಗಳಿಗೆ ಕಾಳುಕಡ್ಡಿ ಸಿಗದ ಕಾಲ ಅದು.

ಅದೇ ದೇಶದ ಡ್ರಾಕೆನ್ಸ್‌ಬರ್ಗ್ ಬೆಟ್ಟಗಳಲ್ಲಿ ಎಲೆಯಡಿ ಅಡಗಿ ಅರಳುವ ಹಸಿರು ಹೂವೊಂದಿದೆ. ಅದಕ್ಕೆ ಬರುವ ಅತಿಥಿ ಬಂಡೆಯ ಹಲ್ಲಿ ಎಂಬುದು 2019ರಲ್ಲಿ ಪ್ರಕಟವಾದ ಸಂಗತಿ.

ಆಸ್ಟ್ರೇಲಿಯಾದ ನೈಋತ್ಯ ಮೂಲೆಗೆ ಹೋದರೆ ಅಲ್ಲಿ ಹನಿ ಪೋಸಮ್ ಸಿಗುತ್ತದೆ. ಕಾಂಗರೂವಿನಂತೆ ಚೀಲದಲ್ಲಿ ಮರಿ ಸಾಕುವ ಪ್ರಾಣಿ, ಆದರೆ ತೂಕ ಹತ್ತು ಗ್ರಾಂ ಆಸುಪಾಸು. ಹುಟ್ಟುವಾಗ ಮರಿಯ ತೂಕ ಒಂದು ಗ್ರಾಮಿನ ಇನ್ನೂರನೇ ಒಂದು ಭಾಗ. ಸಸ್ತನಿಗಳಲ್ಲಿ ಅಷ್ಟು ಸಣ್ಣ ಕೂಸು ಇನ್ನೊಂದಿಲ್ಲ. ಬಾವಲಿಗಳನ್ನು ಬಿಟ್ಟರೆ ಬರೀ ಮಕರಂದ, ಪರಾಗಗಳಿಂದಲೇ ಹೊಟ್ಟೆ ಹೊರೆಯುವ ಸಸ್ತನಿ ಇದೊಂದೇ. ಕೀಟ ತಿನ್ನುವುದಿಲ್ಲ, ಹಣ್ಣು ಮುಟ್ಟುವುದಿಲ್ಲ. ನಾಲಿಗೆಯ ತುದಿಯಲ್ಲಿ ಕುಂಚದಂಥ ಕೂದಲು. ಬಾಲದಿಂದ ಕೊಂಬೆ ಹಿಡಿದು ಬ್ಯಾಂಕ್ಸಿಯಾ ಹೂಗೊಂಚಲಿನ ಮೇಲೆ ಹತ್ತಿ ಕೂತು ಒಂದೊಂದೇ ಹೂವಿಗೆ ನಾಲಿಗೆ ಇಳಿಸುತ್ತದೆ. ಹೀಗೆ ಬದುಕಬೇಕೆಂದರೆ ಅದರ ಸುತ್ತ ವರ್ಷದ ಹನ್ನೆರಡು ತಿಂಗಳೂ ಯಾವುದಾದರೂ ಹೂವು ಅರಳಿರಬೇಕು.

ಆ ಬ್ಯಾಂಕ್ಸಿಯಾ ಗಿಡಗಳು ಈಗ ಬೇರುಕೊಳೆತು ಸಾಲುಸಾಲಾಗಿ ಒಣಗುತ್ತಿವೆ. ಕಾರಣ ಫೈಟಾಫ್ತೊರ ಎಂಬ ಸೂಕ್ಷ್ಮಜೀವಿ. ಮಲೆನಾಡು, ಕರಾವಳಿಯ ಅಡಿಕೆ ಬೆಳೆಗಾರರಿಗೆ ಈ ಹೆಸರು ಹೊಸದಲ್ಲ. ಮಳೆಗಾಲದಲ್ಲಿ ಅಡಿಕೆ ಉದುರಿಸುವ ಕೊಳೆರೋಗದ ಜೀವಿಯೂ ಇದೇ ಕುಲದ್ದು. ಆಸ್ಟ್ರೇಲಿಯಾದಲ್ಲಿ ಅದು ಬೂಟಿನ ಅಡಿಗೆ, ವಾಹನದ ಚಕ್ರಕ್ಕೆ ಅಂಟಿದ ಮಣ್ಣಿನ ಜೊತೆ ಕಾಡಿನಿಂದ ಕಾಡಿಗೆ ಹೋಗುತ್ತದೆ. ಅದಕ್ಕೇ ಅಲ್ಲಿನ ಕಾಡುಹಾದಿಗಳ ಬಾಯಲ್ಲಿ ಚಾರಣಿಗರು ಬೂಟು ಉಜ್ಜಿ ತೊಳೆದು ಮುಂದೆ ಹೋಗುವ ವ್ಯವಸ್ಥೆ ಮಾಡಿದ್ದಾರೆ. ನಾವು ಅಡಿಕೆಗೆ ಬೋರ್ಡೋ ದ್ರಾವಣ ಹೊಡೆದು ಬೆಳೆ ಉಳಿಸಿಕೊಳ್ಳುತ್ತೇವೆ. ಇಡೀ ಕಾಡಿಗೆ ಔಷಧಿ ಹೊಡೆಯುವವರು ಯಾರು?

ಸುಮಾತ್ರದ ನಾತ

1818ರಲ್ಲಿ ಸುಮಾತ್ರದ ಬೆಂಕುಲು ಸೀಮೆಯ ಕಾಡಿನಲ್ಲಿ ಬ್ರಿಟಿಷ್ ವೈದ್ಯ ಜೋಸೆಫ್ ಆರ್ನಾಲ್ಡ್‌ನನ್ನು ಅಲ್ಲಿನ ಆಳೊಬ್ಬ ಕೂಗಿ ಕರೆದ. ನೆಲದ ಮೇಲೆ ಸುಮಾರು ಒಂದು ಮೀಟರ್ ಅಗಲದ, ಐದು ದಪ್ಪ ಎಸಳಿನ, ಕೆಂಪು ಮೈಮೇಲೆ ಬಿಳಿ ಮಚ್ಚೆಗಳ ಹೂವು. ಒಳಗೆ ನೊಣಗಳ ಹಿಂಡು. ಪ್ರಯಾಣದ ಮುಖಂಡ ಸ್ಟ್ಯಾಮ್‌ಫರ್ಡ್ ರ‍್ಯಾಫಲ್ಸ್ ಮತ್ತು ಈ ವೈದ್ಯ ಇಬ್ಬರ ಹೆಸರೂ ಸೇರಿ ಅದು ರಫ್ಲೇಷಿಯ ಆರ್ನಾಲ್ಡಿ ಆಯಿತು. ಕೂಗಿ ತೋರಿಸಿದ ಆಳಿನ ಹೆಸರು ಹೂವಿಗೆ ಬರಲಿಲ್ಲ. ಆರ್ನಾಲ್ಡ್ ಅದೇ ವರ್ಷ ಜ್ವರದಿಂದ ತೀರಿಕೊಂಡ.

ಜಗತ್ತಿನ ಅತಿ ದೊಡ್ಡ ಒಂಟಿ ಹೂವು ಇದು. ಆದರೆ ಎಲೆಯಿಲ್ಲ, ಕಾಂಡವಿಲ್ಲ, ಬೇರಿಲ್ಲ. ದ್ರಾಕ್ಷಿ ಕುಟುಂಬದ ಕಾಡುಬಳ್ಳಿಯೊಂದರ ಒಳಗೆ ಎಳೆಎಳೆಯಾಗಿ ಬದುಕಿ, ಬಳ್ಳಿಯ ತೊಗಟೆ ಸೀಳಿಕೊಂಡು ಮೊಗ್ಗಾಗಿ ಹೊರಬರುತ್ತದೆ. ಮೊಗ್ಗು ತಿಂಗಳುಗಟ್ಟಲೆ ಊದುತ್ತದೆ; ಅರಳಿದ ಮೇಲೆ ಒಂದು ವಾರದ ಬಾಳು. ಕೊಳೆತ ಮಾಂಸದ ನಾತ ಬೀರಿ ನೊಣಗಳನ್ನು ಕರೆಯುತ್ತದೆ. ಗಂಡುಹೂವಿನ ಪರಾಗ ಹೊತ್ತ ನೊಣ ಆ ವಾರದೊಳಗೆ ಹತ್ತಿರದಲ್ಲೇ ಅರಳಿದ ಹೆಣ್ಣುಹೂವಿಗೆ ಹೋಗಬೇಕು. ಕಾಡು ತುಂಡುತುಂಡಾದಂತೆ ಈ ಜೋಡಿ ಕೂಡಿಬರುವುದು ಕಷ್ಟವಾಗುತ್ತದೆ. ರಫ್ಲೇಷಿಯ ಕುಲದ 42 ಪ್ರಭೇದಗಳೂ ಅಪಾಯದಲ್ಲಿವೆ ಎಂದು 2023ರಲ್ಲಿ ವಿಜ್ಞಾನಿಗಳು ಎಚ್ಚರಿಸಿದ್ದಾರೆ.

ಅದೇ ಸುಮಾತ್ರದ ಟೈಟನ್ ಆರಮ್ ಅರಳಿದರೆ ಯುರೋಪು, ಅಮೆರಿಕದ ಸಸ್ಯೋದ್ಯಾನಗಳ ಮುಂದೆ ಜನ ಮೂಗು ಮುಚ್ಚಿಕೊಂಡೇ ಸಾಲು ನಿಲ್ಲುತ್ತಾರೆ. ಮೂರು ಮೀಟರ್‌ವರೆಗೂ ಏಳುವ ಅದರ ನಡುಗಂಬ ರಾತ್ರಿ ನಮ್ಮ ಮೈಯಷ್ಟೇ ಬಿಸಿಯಾಗುತ್ತದೆ. ಆ ಬಿಸಿಗೆ ನಾತ ಮೇಲೆದ್ದು ದೂರದ ಜೀರುಂಡೆಗಳಿಗೆ ಮುಟ್ಟುತ್ತದೆ. ಇದನ್ನು ಲೋಕದ ವಿಚಿತ್ರ ಎಂದು ನಾವು ಮೊಬೈಲಿನಲ್ಲಿ ನೋಡಿ ಬೆರಗಾಗುತ್ತೇವೆ. ಆದರೆ ನಾವು ಹುಳಿ ಮಾಡಿ ತಿನ್ನುವ ಸುವರ್ಣಗೆಡ್ಡೆ ಇದೇ ಕುಲದ್ದು, ಇದರ ಸ್ವಂತ ದಾಯಾದಿ. ಹಿತ್ತಿಲಲ್ಲಿ ಕೀಳದೆ ಬಿಟ್ಟ ಹಳೆಯ ಸುವರ್ಣಗೆಡ್ಡೆ ಮುಂಗಾರಿನ ಹೊತ್ತಿಗೆ ಹೂಬಿಟ್ಟಾಗ ‘ಎಲ್ಲೋ ಇಲಿ ಸತ್ತಿದೆ’ ಎಂದು ಮನೆಯವರು ಹುಡುಕಾಡುವುದು ಅದಕ್ಕೇ.

ಕತ್ತಾಳೆಯ ಕಂಬ, ಬಾವಲಿಯ ಹಾದಿ

ಬಯಲುಸೀಮೆಯ ಹೊಲದ ಬದುಗಳಲ್ಲಿ, ರೈಲುಹಳಿಯ ಪಕ್ಕದಲ್ಲಿ ನಿಂತ ಕತ್ತಾಳೆ ನಮ್ಮದೇ ಗಿಡವೆಂಬಷ್ಟು ಪರಿಚಿತ. ನಾರಿಗೆ, ಬೇಲಿಗೆ ಬಳಸಿ ಬಳಸಿ ಅದು ಅಮೆರಿಕ ಖಂಡದಿಂದ ಬಂದದ್ದೆಂಬುದೇ ಮರೆತುಹೋಗಿದೆ. ವರ್ಷಗಟ್ಟಲೆ ಎಲೆಗಳಲ್ಲಿ ಸಕ್ಕರೆ ಕೂಡಿಟ್ಟುಕೊಂಡು, ಒಂದೇ ಒಂದು ಸಲ ಎತ್ತರದ ಕಂಬ ಎಬ್ಬಿಸಿ ಹೂಬಿಟ್ಟು, ಕತ್ತಾಳೆ ಸಾಯುತ್ತದೆ. ಮೆಕ್ಸಿಕೊದಲ್ಲಿ ಅದರ ಹೂಗಳು ರಾತ್ರಿ ಮಕರಂದ ಸುರಿಸುತ್ತವೆ. ಕುಡಿಯಲು ಬರುವುದು ಉದ್ದಮೂತಿಯ ಪುಟ್ಟ ಬಾವಲಿ. ಗರ್ಭಿಣಿ ಬಾವಲಿಗಳು ವಸಂತದಲ್ಲಿ ಕಳ್ಳಿ, ಕತ್ತಾಳೆಗಳು ಹೂಬಿಡುವ ಹಾದಿ ಹಿಡಿದೇ ನೂರಾರು ಕಿಲೋಮೀಟರ್ ಉತ್ತರಕ್ಕೆ ಹಾರಿ ಅಮೆರಿಕದ ಅರಿಜೋನಾವರೆಗೂ ಹೋಗುತ್ತವೆ.

ಟೆಕಿಲಾ ಮದ್ಯ ತೆಗೆಯುವುದು ನೀಲಿ ಕತ್ತಾಳೆಯಿಂದ. ಕಂಬ ಎದ್ದರೆ ಸಕ್ಕರೆಯೆಲ್ಲ ಹೂವಿಗೆ ಹೋಗುತ್ತದೆಂದು ಬೆಳೆಗಾರರು ಹೂಬಿಡುವ ಮೊದಲೇ ಕಡಿಯುತ್ತಾರೆ. ಹೊಸ ಗಿಡ ಬುಡದ ಮರಿಗಳಿಂದ. ಹೀಗೆ ಹತ್ತಾರು ವರ್ಷ ನಡೆದು ಲಕ್ಷಾಂತರ ಗಿಡಗಳು ಒಂದರ ನಕಲು ಒಂದಾದವು. ರೋಗ ಬಂದರೆ ಎಲ್ಲಕ್ಕೂ ಒಟ್ಟಿಗೆ. ಬಾವಲಿಗೆ ಊಟ ತಪ್ಪಿತು. ಗುಹೆಗಳಲ್ಲಿ ರಕ್ತಹೀರುವ ಬಾವಲಿ ಎಂಬ ತಪ್ಪು ತಿಳಿವಳಿಕೆಯಿಂದ ಇದನ್ನೂ ಸುಟ್ಟು ಕೊಂದವರುಂಟು. 1988ರಲ್ಲಿ ಅಮೆರಿಕ ಇದನ್ನು ಅಪಾಯದಂಚಿನ ಪಟ್ಟಿಗೆ ಸೇರಿಸಿದಾಗ ಗೊತ್ತಿದ್ದ ನೆಲೆಗಳಲ್ಲಿ ಸಿಕ್ಕ ಲೆಕ್ಕ ಸಾವಿರಕ್ಕೂ ಕಡಿಮೆ.

ಆಮೇಲೆ ನಡೆದದ್ದು ಈ ಲೇಖನದ ಏಕೈಕ ಶುಭವಾರ್ತೆ. ಮೆಕ್ಸಿಕೊದ ಜೀವಿವಿಜ್ಞಾನಿ ರೊಡ್ರಿಗೊ ಮೆಡೆಲಿನ್ ಮತ್ತು ಸಂಗಡಿಗರು ಗುಹೆಗಳನ್ನು ಕಾಯುವ ಏರ್ಪಾಡು ಮಾಡಿದರು, ಶಾಲೆಗಳಿಗೆ ಹೋದರು, ಬೆಳೆಗಾರರ ಮನವೊಲಿಸಿದರು. ಹೊಲದ ನೂರರಲ್ಲಿ ಐದು ಗಿಡಗಳನ್ನಾದರೂ ಹೂಬಿಡಲು ಬಿಟ್ಟರೆ ಆ ಮದ್ಯದ ಬಾಟಲಿಗೆ ‘ಬಾವಲಿಸ್ನೇಹಿ’ ಎಂಬ ಮುದ್ರೆ ಬಿತ್ತು. ಬಾವಲಿಗಳ ಸಂಖ್ಯೆ ಸುಮಾರು ಎರಡು ಲಕ್ಷಕ್ಕೆ ಏರಿತು. 2018ರಲ್ಲಿ ಅಮೆರಿಕ ಅದನ್ನು ಪಟ್ಟಿಯಿಂದ ತೆಗೆಯಿತು; ಚೇತರಿಸಿಕೊಂಡು ಆ ಪಟ್ಟಿಯಿಂದ ಹೊರಬಂದ ಮೊದಲ ಬಾವಲಿ ಅದು.

ಪ್ರಾಣಿ ಬಾರದಿದ್ದರೆ ಕೂಲಿ

ಪ್ರಾಣಿಯನ್ನು ಬಿಟ್ಟು ಹೂವನ್ನಷ್ಟೇ ಹೊತ್ತು ತಂದರೆ ಏನಾಗುತ್ತದೆಂದು ನಮ್ಮ ಮಲೆನಾಡಿನ ರೈತರಿಗೆ ಚೆನ್ನಾಗಿ ಗೊತ್ತು. ಅವರು ವೆನಿಲ್ಲಾ ಬೆಳೆದವರು. ಅದೂ ಒಂದು ಸೀತಾಳೆಯೇ, ತವರು ಮೆಕ್ಸಿಕೊ. ಅಲ್ಲಿನ ಕಾಡುಜೇನುಗಳಿಲ್ಲದೆ ಬೇರೆಡೆ ಅದು ಹೂಬಿಟ್ಟರೂ ಕಾಯಿ ಕಟ್ಟುವುದಿಲ್ಲ. ಹೂವಿನ ಗಂಡುಭಾಗಕ್ಕೂ ಹೆಣ್ಣುಭಾಗಕ್ಕೂ ನಡುವೆ ಒಂದು ತೆಳ್ಳನೆಯ ಪೊರೆ ಅಡ್ಡ ನಿಂತಿರುತ್ತದೆ. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಫ್ರೆಂಚರು ತಂದು ನೆಟ್ಟ ಬಳ್ಳಿ ವರ್ಷಗಟ್ಟಲೆ ಬಂಜೆಯಾಗಿಯೇ ಇತ್ತು. 1841ರಲ್ಲಿ ಎಡ್ಮಂಡ್ ಎಂಬ ಹನ್ನೆರಡು ವರ್ಷದ ಗುಲಾಮ ಹುಡುಗ ಸಣ್ಣ ಕಡ್ಡಿಯಿಂದ ಆ ಪೊರೆಯನ್ನು ಮೇಲೆತ್ತಿ, ಹೆಬ್ಬೆರಳಿನಿಂದ ಪರಾಗವನ್ನು ಒತ್ತಿ ಕೂರಿಸುವ ಉಪಾಯ ಕಂಡುಹಿಡಿದ. ಆ ಉಪಾಯದಿಂದ ಸಾಹುಕಾರರು ಹುಟ್ಟಿದರು. 1848ರಲ್ಲಿ ಗುಲಾಮಗಿರಿ ರದ್ದಾದಾಗ ಎಡ್ಮಂಡ್ ಆಲ್ಬಿಯಸ್ ಎಂಬ ಪೂರ್ತಿ ಹೆಸರು ಪಡೆದ ಅವನು 1880ರಲ್ಲಿ ಬಡವನಾಗಿಯೇ ಸತ್ತ.

2003ರ ಸುಮಾರಿಗೆ ವೆನಿಲ್ಲಾ ಬೆಲೆ ಆಕಾಶಕ್ಕೇರಿದಾಗ ಶಿವಮೊಗ್ಗ, ಉತ್ತರ ಕನ್ನಡ, ದಕ್ಷಿಣ ಕನ್ನಡ, ಕೊಡಗಿನ ತೋಟಗಳಲ್ಲೂ ನಡೆದದ್ದು ಇದೇ ಕೆಲಸ. ಹೂವು ಬೆಳಗಿನ ಜಾವ ಅರಳಿ ಮಧ್ಯಾಹ್ನಕ್ಕೆ ಬಾಡುತ್ತದೆ. ಅಷ್ಟರೊಳಗೆ ಮನೆಮಂದಿಯೆಲ್ಲ ಕಡ್ಡಿ ಹಿಡಿದು ಬಳ್ಳಿಯಿಂದ ಬಳ್ಳಿಗೆ ಓಡಾಡಬೇಕು. ಒಂದು ಹೂವಿಗೆ ಒಂದು ಸಲ ಕೈಯಾಡಿಸಿದರೆ ಒಂದು ಕೋಡು. ಒಂದೆರಡು ವರ್ಷದಲ್ಲೇ ಬೆಲೆ ನೆಲಕಚ್ಚಿತು, ಬಳ್ಳಿಗಳನ್ನು ಕಿತ್ತೆಸೆದರು. ಮಡಗಾಸ್ಕರ್‌ನಲ್ಲಿ ಇಂದಿಗೂ ಈ ಬೆಳೆ ನಿಂತಿರುವುದು ಬಡವರ ಬೆರಳುಗಳ ಮೇಲೆ. ಜೇನು ಪುಕ್ಕಟೆ ಮಾಡುತ್ತಿದ್ದ ಕೆಲಸಕ್ಕೆ ಎಷ್ಟು ಆಳು, ಎಷ್ಟು ಕೂಲಿ ಬೇಕೆಂದು ಲೆಕ್ಕ ಹಾಕಲು ವೆನಿಲ್ಲಾದಷ್ಟು ಸ್ಪಷ್ಟ ಉದಾಹರಣೆ ಇನ್ನೊಂದಿಲ್ಲ.

ನಮ್ಮ ಬಾಗಿಲಲ್ಲಿ

ಸವಣೂರಿನ ದೊಡ್ಡಹುಣಸೆ ಮರಗಳು ಆಫ್ರಿಕದಿಂದ ಬಂದವು. ಅವುಗಳ ಬಿಳಿ ಹೂವು ಸಂಜೆ ಅರಳುವುದೂ ತವರಿನ ಬಾವಲಿ, ಪತಂಗಗಳ ರೂಢಿಗೆ ತಕ್ಕಂತೆಯೇ. ನಮ್ಮ ಹಿಪ್ಪೆ, ಬೂರುಗಗಳಿಗೂ ರಾತ್ರಿಪಾಳಿಯ ಕೆಲಸಗಾರ ಬಾವಲಿ. ಇಂಥ ಪ್ರಾಣಿಯನ್ನು ನಮ್ಮ ಕಾನೂನು ಹೇಗೆ ಕಂಡಿತ್ತು? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹಣ್ಣುಬಾವಲಿಯನ್ನು ಇಲಿ, ಕಾಗೆಗಳ ಸಾಲಿನಲ್ಲಿ ಪೀಡೆಯ ಪಟ್ಟಿಗೆ ಹಾಕಿತ್ತು. ಯಾರು ಬೇಕಾದರೂ ಹೊಡೆಯಬಹುದಿತ್ತು. ಆ ಪಟ್ಟಿ ರದ್ದಾದದ್ದು 2022ರ ತಿದ್ದುಪಡಿಯಲ್ಲಿ. ಕಾನೂನು ಬದಲಾಯಿತು, ಜನರ ಮನಸ್ಸು ಇನ್ನೂ ಪೂರ್ತಿ ಬದಲಾಗಿಲ್ಲ. ನಿಪಾ, ಕೋವಿಡ್ ಸುದ್ದಿ ಬಂದಾಗೆಲ್ಲ ಬಾವಲಿ ಕೂತ ಮರವನ್ನೇ ಕಡಿಯಿರಿ ಎಂಬ ಕೂಗು ಏಳುತ್ತದೆ.

ಹುಲಿ, ಆನೆಗಳ ಗಣತಿಗೆ ನಾವು ಹಣ, ಶ್ರಮ ಎರಡನ್ನೂ ಸುರಿಯುತ್ತೇವೆ, ಒಳ್ಳೆಯದೇ. ಗಿಡ ನೆಡುವ ಸಪ್ತಾಹವೂ ತಪ್ಪದೆ ನಡೆಯುತ್ತದೆ. ನೆಟ್ಟ ಗಿಡ ಹೂಬಿಟ್ಟಾಗ ಅದಕ್ಕೆ ಯಾರು ಬರುತ್ತಾರೆ ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಫಲಪುಷ್ಪ ಪ್ರದರ್ಶನದಲ್ಲಿ ನಾವು ಮೆಚ್ಚುವ ಎಷ್ಟೋ ಸುತ್ತುಎಸಳಿನ ಹೂಗಳಲ್ಲಿ ಕೇಸರಗಳೇ ಎಸಳಾಗಿ ಮಾರ್ಪಟ್ಟಿರುತ್ತವೆ. ಹಸಿದು ಬಂದವರಿಗೆ ಅಲ್ಲಿ ಸಿಗುವುದು ಅಲ್ಪ. ಅಂಗಳದಲ್ಲಿ ಜಾಗವಿದ್ದರೆ ಐದೆಸಳಿನ ಹಳೆಯ ದಾಸವಾಳವನ್ನೇ ನೆಡಿ, ಸೂರಕ್ಕಿ ಬರುತ್ತದೆ. ಊರ ಹೊರಗೆ ಹಿಪ್ಪೆಯೋ ಬೂರುಗವೋ ಉಳಿದಿದ್ದರೆ ರಸ್ತೆ ಅಗಲ ಮಾಡುವವರ ಕೊಡಲಿಯಿಂದ ಅದನ್ನು ಉಳಿಸಿಕೊಳ್ಳಿ. ಬಾವಲಿಗಳು ನೇತಾಡುವ ಆಲದ ಮರ ಇದ್ದರೆ ಅದರ ಕೆಳಗೆ ಪಟಾಕಿ ಹೊಡೆಯಲು ಯಾರನ್ನೂ ಬಿಡಬೇಡಿ.